ಗ್ರಿಮ್ಸ್‌ಬಿಗೆ ಅಪ್ಪ, ಮಗಳ ಜೊತೆ ಅವೇ ಮ್ಯಾಚ್: ಹೋಗಿ ಬಂದವರು ಏನಂತೀರಿ?

ನಾಟಿಂಗ್‌ಹ್ಯಾಮ್‌ನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಬಂದು ನಾಲ್ಕು ವರ್ಷ ಆಯ್ತು. ಎರಡು ವರ್ಷದಿಂದ ಮಗಳನ್ನು ಕರೆದುಕೊಂಡು ಇಲ್ಲಿನ ಫುಟ್‌ಬಾಲ್ ತಂಡ ನಾಟ್ಸ್ ಕೌಂಟಿಯ ಆಟಗಳಿಗೆ ಹೋಗುತ್ತಿದ್ದೇನೆ. ಅವಳಿಗೀಗ ಒಂಬತ್ತು. ಆದರೆ ನಮ್ಮೂರಿನ ಮೆಡೋ ಲೇನ್ ಬಿಟ್ಟು ಬೇರೆ ಮೈದಾನ ನಾವು ನೋಡಿಲ್ಲ. ಜನವರಿಯಲ್ಲಿ ಗ್ರಿಮ್ಸ್‌ಬಿ ಟೌನ್ ಮೇಲೆ ಅವರೂರಲ್ಲೇ ಆಟ (ಇಲ್ಲಿನವರು 'ಅವೇ' ಮ್ಯಾಚ್ ಅನ್ನುವುದು ಇದಕ್ಕೇ) ಇದೆ, ಶನಿವಾರ ಮಧ್ಯಾಹ್ನ ಮೂರಕ್ಕೆ.

ಬೆಂಗಳೂರಿನಿಂದ ಅಪ್ಪ ಬಂದಿದ್ದಾರೆ. ಎಪ್ಪತ್ತು ವಯಸ್ಸು. ಒಂದು ಕಾಲದಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಐಟಿಐ, ಎಚ್‌ಎಎಲ್ ತಂಡಗಳ ಆಟ ಇದೆ ಅಂದರೆ ಡ್ಯೂಟಿ ಬದಲಾಯಿಸಿಕೊಂಡು ಹೋಗುತ್ತಿದ್ದವರು. ಅವರನ್ನೂ ಕರೆದುಕೊಂಡು ಮೂವರೂ ಹೋಗಬೇಕು ಅಂತ ಆಸೆ. ಆದರೆ ಚಳಿ ಹೇಗಿರುತ್ತೋ ಗೊತ್ತಿಲ್ಲ. ನಾವು ಮೊಟ್ಟೆನೂ ತಿನ್ನುವುದಿಲ್ಲ. ರೈಲಾ, ಕಾರಾ ಅಂತ ತೀರ್ಮಾನ ಆಗಿಲ್ಲ. ಇನ್ನೊಂದು ಮಾತು, ಸ್ವಲ್ಪ ಹಿಂಜರಿಕೆಯಿಂದಲೇ ಕೇಳುತ್ತೇನೆ: ಎದುರು ತಂಡದ ಊರಿಗೆ ಹೋದಾಗ ನಮ್ಮ ಮೈಬಣ್ಣ ನೋಡಿ ಯಾರಾದರೂ ಏನಾದರೂ ಅಂದರೆ, ಅಪ್ಪನ ಮುಂದೆ, ಮಗಳ ಮುಂದೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಕ್ಲೀಥಾರ್ಪ್ಸ್‌ನಿಂದ

ನಾನು ಇದೇ ಊರಲ್ಲಿದ್ದೇನೆ. ಮೂಲ ಶಿವಮೊಗ್ಗ. ಕೆಲಸ ಗ್ರಿಮ್ಸ್‌ಬಿಯಲ್ಲಿ, ಮನೆ ಕ್ಲೀಥಾರ್ಪ್ಸ್‌ನಲ್ಲಿ. ಹಾಗಾಗಿ ನಾನು ಕೂರುವುದು ನಿಮ್ಮ ಎದುರು ಪಾಳಯದಲ್ಲಿ! ಆದರೂ ನೀವು ಬರುತ್ತೀರಿ ಅಂತ ಓದಿ ತುಂಬಾ ಖುಷಿಯಾಯ್ತು. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಒಂದು ವಿಷಯ ತಿಳಿದಿರಲಿ. ಗ್ರಿಮ್ಸ್‌ಬಿ ಟೌನ್ ಆಡುವುದು ಗ್ರಿಮ್ಸ್‌ಬಿಯಲ್ಲಿ ಅಲ್ಲ, ಪಕ್ಕದ ಕ್ಲೀಥಾರ್ಪ್ಸ್‌ನಲ್ಲಿ. ಬ್ಲಂಡೆಲ್ ಪಾರ್ಕ್ ಮೈದಾನ 1899ರಿಂದ ಇಲ್ಲೇ ಇದೆ. ರೈಲಿನಲ್ಲಿ ಬಂದರೆ 'ಗ್ರಿಮ್ಸ್‌ಬಿ ಟೌನ್' ಅನ್ನುವ ಸ್ಟೇಷನ್ ಹೆಸರು ನೋಡಿ ಇಳಿದುಬಿಡಬೇಡಿ. ಹೊಸಬರು ಬಹಳ ಜನ ಹೀಗೇ ಇಳಿಯುತ್ತಾರೆ. ಕೊನೆಯ ಸ್ಟೇಷನ್ ಕ್ಲೀಥಾರ್ಪ್ಸ್‌ವರೆಗೆ ಬನ್ನಿ. ನಡುವೆ ನ್ಯೂ ಕ್ಲೀ ಅಂತ ಒಂದು ಪುಟ್ಟ ಸ್ಟೇಷನ್ ಇದೆ. ಮೈದಾನಕ್ಕೆ ಅದೇ ಹತ್ತಿರ. ಆದರೆ ಅಲ್ಲಿ ನಿಲ್ಲುವ ಗಾಡಿಗಳು ಕಮ್ಮಿ, ಕೇಳಿಕೊಂಡರೆ ಮಾತ್ರ ನಿಲ್ಲಿಸುತ್ತಾರೆ. ಅದನ್ನು ನಂಬಿಕೊಂಡು ಬರಬೇಡಿ.

ಗ್ರಿಮ್ಸ್‌ಬಿ ದಾಟಿದ ಮೇಲೆ ಅಪ್ಪನನ್ನು ಎಡಗಡೆ ಕಿಟಕಿ ಹತ್ತಿರ ಕೂರಿಸಿ. ಬಂದರಿನಲ್ಲಿ ಕೆಂಪು ಇಟ್ಟಿಗೆಯ ಎತ್ತರದ ಗೋಪುರ ಕಾಣುತ್ತದೆ. ಅದು ಡಾಕ್ ಟವರ್, 309 ಅಡಿ. 1852ರಲ್ಲಿ ಕಟ್ಟಿ ಮುಗಿಸಿದ್ದು, ಇಟಲಿಯ ಸಿಯೆನಾ ಊರಿನ ಗೋಪುರದ ಮಾದರಿಯಲ್ಲಿ. ನೋಡೋಕೆ ಅರಮನೆಯ ಗೋಪುರದ ಹಾಗಿದೆ, ಆದರೆ ಅದು ಇದ್ದದ್ದು ಕೆಲಸಕ್ಕೆ. ನೀರನ್ನು ಮೇಲಕ್ಕೇರಿಸಿ, ಆ ಒತ್ತಡದಿಂದ ಬಂದರಿನ ಗೇಟುಗಳನ್ನು ತೆರೆಯುತ್ತಿದ್ದರು. ಅದಾದ ಸ್ವಲ್ಪ ಹೊತ್ತಿಗೆ ಬಲಗಡೆ, ಹಳಿಯ ಪಕ್ಕದಲ್ಲೇ, ಮೈದಾನದ ದೀಪದ ಕಂಬಗಳು ಬರುತ್ತವೆ. ಎಡಕ್ಕೆ ಹಂಬರ್ ನದಿ ಸಮುದ್ರ ಸೇರುವ ಜಾಗ, ಬಲಕ್ಕೆ ಫುಟ್‌ಬಾಲ್ ಮೈದಾನ. ಈ ಎರಡು ನಿಮಿಷಕ್ಕೋಸ್ಕರವಾದರೂ ನಾನು ರೈಲೇ ಅನ್ನುತ್ತೇನೆ.

ಈ ಊರನ್ನು ತಿಳಿಯದೆ ಈ ತಂಡ ಅರ್ಥವಾಗುವುದಿಲ್ಲ. 1950ರ ದಶಕದಲ್ಲಿ ಗ್ರಿಮ್ಸ್‌ಬಿ ಪ್ರಪಂಚದಲ್ಲೇ ಅತಿ ದೊಡ್ಡ ಮೀನುಗಾರಿಕೆ ಬಂದರು ಅನ್ನಿಸಿಕೊಂಡಿತ್ತು. ದೋಣಿಗಳು ಐಸ್‌ಲ್ಯಾಂಡ್ ಹತ್ತಿರದವರೆಗೂ ಹೋಗುತ್ತಿದ್ದವು. 1970ರ ದಶಕದಲ್ಲಿ ಐಸ್‌ಲ್ಯಾಂಡ್ ತನ್ನ ಸುತ್ತ 200 ಮೈಲಿ ಸಮುದ್ರ ತನ್ನದೇ ಅಂತ ಗಟ್ಟಿಯಾಗಿ ನಿಂತಿತು. 1976ರಲ್ಲಿ ಬ್ರಿಟನ್ ಒಪ್ಪಿಕೊಂಡಿತು. ದೂರದ ಸಮುದ್ರದ ಮೀನುಗಾರಿಕೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ನನ್ನ ಪಕ್ಕದ ಸೀಟಿನ ಅಜ್ಜ ಹದಿನಾರನೇ ವಯಸ್ಸಿಗೆ ದೋಣಿ ಹತ್ತಿದವರು. ಅವರ ಬಾಯಲ್ಲಿ ಆ ಕಥೆ ಕೇಳುವಾಗ ನನಗೆ ಗಣಿ ಮುಚ್ಚಿದ ಮೇಲಿನ ಕೆಜಿಎಫ್ ನೆನಪಾಗುತ್ತದೆ. ಕೆಲಸ ಹೋಯ್ತು, ಫುಟ್‌ಬಾಲ್ ಉಳಿಯಿತು. ಬೇರೆ ಊರಿನವರು ಹಿಂದೆ ಇವರನ್ನು ಕೆಣಕಲು "ಮೀನು ಹಿಡಿಯುವಾಗ ಮಾತ್ರ ನಿಮಗೆ ಹಾಡು ಬರುತ್ತೆ" ಅಂತ ಕೂಗುತ್ತಿದ್ದರು. ಈಗ ಇವರೇ ಅದನ್ನು ಹೆಮ್ಮೆಯಿಂದ ಕೂಗುತ್ತಾರೆ. 1989ರ ಎಫ್‌ಎ ಕಪ್ ಆಟಗಳ ಕಾಲದಿಂದ ಗಾಳಿ ತುಂಬಿದ ದೊಡ್ಡ ಮೀನಿನ ಬೊಂಬೆ ಹಿಡಿದು ಬರುವುದೂ ಇದೆ. ಅದಕ್ಕೆ ಹ್ಯಾರಿ ಹ್ಯಾಡಕ್ ಅಂತ ಹೆಸರು. ನಿಮ್ಮ ಮಗಳಿಗೆ ಇದು ಖಂಡಿತ ಇಷ್ಟವಾಗುತ್ತದೆ.

ಮೈದಾನ ಹಳೆಯದು, ಚಿಕ್ಕದು. ಒಂಬತ್ತು ಸಾವಿರ ಚಿಲ್ಲರೆ ಜನ ಹಿಡಿಸುತ್ತದೆ. ಮೇನ್ ಸ್ಟ್ಯಾಂಡ್‌ನ ಒಂದು ಭಾಗ 1901ರದ್ದು. ಇದೇ ಮೈದಾನದಲ್ಲಿ 1937ರಲ್ಲಿ 31,651 ಜನ ಕೂಡಿ ಆಟ ನೋಡಿದ್ದರಂತೆ, ಹೇಗೆ ನಿಂತಿದ್ದರೋ! ಲಿವರ್‌ಪೂಲ್ ತಂಡವನ್ನು ದೊಡ್ಡದು ಮಾಡಿದ ಬಿಲ್ ಶ್ಯಾಂಕ್ಲಿ 1951ರಿಂದ 54ರ ತನಕ ಇಲ್ಲಿ ಮ್ಯಾನೇಜರ್ ಆಗಿದ್ದರು ಅಂತ ಅಪ್ಪನಿಗೆ ಹೇಳಿ. ಇತ್ತೀಚಿನದು ಬೇಕೆಂದರೆ 2025ರ ಆಗಸ್ಟ್ 27. ಲೀಗ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇಲ್ಲಿಗೆ ಬಂದಿತ್ತು. 2-2 ಆಗಿ, ಪೆನಾಲ್ಟಿಯಲ್ಲಿ 12-11ಕ್ಕೆ ನಾವು ಗೆದ್ದೆವು. ನಾವು ಲೀಗ್‌ನ ನಾಲ್ಕನೇ ಹಂತದ ತಂಡ! ಮರುದಿನ ಇಡೀ ಊರಿಗೆ ಗಂಟಲು ಕಟ್ಟಿತ್ತು. ನನಗೂ.

ನಿಮಗೆ ಸೀಟು ಸಿಗುವುದು ಆಸ್ಮಂಡ್ ಸ್ಟ್ಯಾಂಡ್‌ನಲ್ಲಿ, ಗೋಲಿನ ಹಿಂದೆ. ಮೇಲೆ ಚಾವಣಿ ಇದೆ. ಆದರೆ ಅದನ್ನು ಹೊತ್ತ ಕಂಬಗಳೂ ಇವೆ. ಕಂಬದ ಹಿಂದೆ ಕೂತರೆ ಅರ್ಧ ಗೋಲು ಕಾಣಿಸುವುದಿಲ್ಲ. ತೀರಾ ಮುಂದಿನ ಸಾಲಿಗೆ ಹೋದರೆ ಮಳೆ ಬಂದಾಗ ನೆನೆಯುತ್ತೀರಿ. ಸ್ವಲ್ಪ ಬೇಗ ಒಳಗೆ ಹೋಗಿ, ಕಂಬ ತಪ್ಪಿಸಿ ಕೂರೋಕೆ ಆಗುತ್ತಾ ಅಂತ ಸ್ಟೀವರ್ಡ್‌ಗಳನ್ನು (ಮೈದಾನದ ಸಿಬ್ಬಂದಿ) ಕೇಳಿ. ಮಗು, ಹಿರಿಯರು ಜೊತೆಗಿದ್ದಾರೆ ಅಂದರೆ ಸಾಮಾನ್ಯವಾಗಿ ಸಹಾಯ ಮಾಡುತ್ತಾರೆ.

ಚಳಿ ವಿಷಯಕ್ಕೆ ಬಂದರೆ, ನಾಟಿಂಗ್‌ಹ್ಯಾಮ್ ಚಳಿಯ ಲೆಕ್ಕ ಇಲ್ಲಿ ಹಿಡಿಯಬೇಡಿ. ಥರ್ಮಾಮೀಟರಿನಲ್ಲಿ ಅಷ್ಟೇ ಇರಬಹುದು, ಆದರೆ ಇಲ್ಲಿ ಗಾಳಿ ಸಮುದ್ರದಿಂದ ನೇರವಾಗಿ ಬರುತ್ತದೆ. ಅಪ್ಪನಿಗೆ ಪ್ಯಾಂಟಿನ ಒಳಗೆ ಥರ್ಮಲ್, ಎರಡು ಜೊತೆ ಕಾಲುಚೀಲ, ಕಿವಿ ಮುಚ್ಚುವ ಟೋಪಿ. ಸೀಟಿನ ಮೇಲೆ ಹಾಸಲು ಮಡಿಸಿದ ಟವೆಲ್ ತನ್ನಿ. ಪ್ಲಾಸ್ಟಿಕ್ ಸೀಟು ಮಂಜುಗಡ್ಡೆ ಇದ್ದ ಹಾಗಿರುತ್ತದೆ.

ಡಾರ್ಬಿಯಿಂದ

ನಾನು ಎಂಟು ವರ್ಷದಿಂದ ನಾಟ್ಸ್ ಕೌಂಟಿ ಹಿಂದೆ ಊರೂರು ತಿರುಗುತ್ತಿದ್ದೇನೆ. 2019ರಲ್ಲಿ ಲೀಗ್‌ನಿಂದಲೇ ಕೆಳಗೆ ಬಿದ್ದಾಗಲೂ ಬಿಡಲಿಲ್ಲ. 2023ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಗೆದ್ದು ವಾಪಸ್ ಬಂದಾಗ ಅತ್ತಿದ್ದೆ. ಮೇಲಿನವರು ಮೈದಾನದ ಬಗ್ಗೆ ಹೇಳಿದ್ದಾರೆ. ನಾನು ಟಿಕೆಟ್, ಪ್ರಯಾಣ ಮಾತ್ರ ಹೇಳುತ್ತೇನೆ.

ಟಿಕೆಟ್ ನಮ್ಮ ಕ್ಲಬ್ಬಿನಿಂದಲೇ ತೆಗೆದುಕೊಳ್ಳಿ, ಗ್ರಿಮ್ಸ್‌ಬಿ ಕಡೆಯಿಂದ ಅಲ್ಲ. ಅವರ ಕಡೆಯಿಂದ ಕೊಂಡರೆ ಅವರ ಜನರ ನಡುವೆ ಕೂರಬೇಕಾಗುತ್ತದೆ. ಅಲ್ಲಿ ನಮ್ಮ ಗೋಲಿಗೆ ಮಗಳು ಎದ್ದು ಕುಣಿದರೆ ಹೊರಗೆ ಕಳಿಸಬಹುದು. ಹಿರಿಯರಿಗೆ, ಮಕ್ಕಳಿಗೆ ಕಮ್ಮಿ ಬೆಲೆ ಇರುತ್ತದೆ, ಸರಿಯಾದ ವರ್ಗ ಆರಿಸಿಕೊಳ್ಳಿ. ಅಪ್ಪನ ವಯಸ್ಸಿನ ಪುರಾವೆಗೆ ಪಾಸ್‌ಪೋರ್ಟಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ವಿಚಾರ. ಎರಡೂ ತಂಡಗಳದ್ದು ಕಪ್ಪು ಬಿಳಿ ಪಟ್ಟೆ. ಬೀದಿಯಲ್ಲಿ ನಿಮ್ಮ ಸ್ಕಾರ್ಫ್ ದೂರದಿಂದ ನೋಡಿದವರು ನಿಮ್ಮನ್ನು ಅವರ ಕಡೆಯವರೇ ಅಂದುಕೊಳ್ಳುತ್ತಾರೆ. ಮೊದಲ ಸಲ ಹೋದಾಗ ಮೂರು ಜನ ನನಗೆ "ಇವತ್ತು ಗೆಲ್ತೀವಿ ಅಲ್ವಾ" ಅಂದಿದ್ದರು! ನಾವು ಅವತ್ತು ಎರಡನೇ ಬಣ್ಣದ ಅಂಗಿಯಲ್ಲಿ ಆಡುತ್ತೇವೆ ಅಂತ ಮಗಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಮೊದಲ ಹತ್ತು ನಿಮಿಷ ಎದುರು ತಂಡಕ್ಕೆ ಚಪ್ಪಾಳೆ ಹೊಡೆಯುತ್ತಾಳೆ. ಇಟಲಿಯ ಯುವೆಂಟಸ್ ತಂಡ 1903ರಲ್ಲಿ ಈ ಪಟ್ಟೆ ಅಂಗಿ ತೆಗೆದುಕೊಂಡದ್ದು ನಮ್ಮ ಕೌಂಟಿಯಿಂದ. ದಾರಿಯಲ್ಲಿ ಅವಳಿಗೆ ಹೇಳೋಕೆ ಒಳ್ಳೆ ಕಥೆ.

ರೈಲಿನ ಬಗ್ಗೆ ನನ್ನದೊಂದು ಕಹಿ ಅನುಭವ ಇದೆ. ಎರಡು ವರ್ಷದ ಹಿಂದೆ ಒಂದು ಊರಿಗೆ ನಾಲ್ಕು ಜನಕ್ಕೆ ಅಗ್ಗದ ಅಡ್ವಾನ್ಸ್ ಟಿಕೆಟ್ ಮಾಡಿದ್ದೆ. ಅರ್ಧ ದಾರಿಯಲ್ಲಿದ್ದೇವೆ, ಫೋನಿಗೆ ಸುದ್ದಿ ಬಂತು. ಮೈದಾನ ಹೆಪ್ಪುಗಟ್ಟಿದೆ, ಆಟ ಮುಂದಕ್ಕೆ ಹೋಗಿದೆ. ದೊಡ್ಡ ಕ್ಲಬ್ಬುಗಳ ಹುಲ್ಲಿನ ಕೆಳಗೆ ಬಿಸಿ ಮಾಡುವ ಪೈಪುಗಳಿರುತ್ತವೆ. ಈ ಹಂತದಲ್ಲಿ ಬಹಳ ಕಡೆ ಅದಿಲ್ಲ. ರೆಫರಿ ಬೆಳಿಗ್ಗೆ ಬಂದು ಬೂಟಿನಲ್ಲಿ ಒತ್ತಿ ನೋಡಿ, ಆಗಲ್ಲ ಅಂದರೆ ಮುಗೀತು. ಮ್ಯಾಚ್ ಟಿಕೆಟ್ ಮುಂದಿನ ದಿನಾಂಕಕ್ಕೆ ನಡೆಯಿತು. ರೈಲಿನ ದುಡ್ಡು ಮಾತ್ರ ವಾಪಸ್ ಬರಲಿಲ್ಲ. ರೈಲು ಸರಿಯಾಗೇ ಓಡಿತ್ತಲ್ಲ, ಅವರನ್ನು ದೂರಿಯೂ ಪ್ರಯೋಜನ ಇಲ್ಲ.

ಅದಕ್ಕೇ ಜನವರಿ ಆಟಕ್ಕೆ ಒಂದೇ ಗಾಡಿಗೆ ಕಟ್ಟಿಹಾಕುವ ಟಿಕೆಟ್ ನಾನು ಮಾಡುವುದಿಲ್ಲ. ಆಫ್‌ಪೀಕ್ ರಿಟರ್ನ್ (ಜನಸಂದಣಿ ಇಲ್ಲದ ಹೊತ್ತಿನ ಹೋಗಿ ಬರುವ ಟಿಕೆಟ್) ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಹೊರಡುವ ದಿನ ಬೆಳಿಗ್ಗೆ ತೆಗೆದುಕೊಳ್ಳಬಹುದು. ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿ. ದೊಡ್ಡವರಿಗೆ ಮೂರರಲ್ಲಿ ಒಂದು ಭಾಗ, ಮಕ್ಕಳಿಗೆ ನೂರಕ್ಕೆ 60 ಕಡಿತ. ನಿಮ್ಮ ಹಾಗೆ ಮೂವರು ಹೋಗುವವರಿಗೆ ಒಂದೆರಡು ಪ್ರಯಾಣದಲ್ಲೇ ಕಾರ್ಡಿನ ದುಡ್ಡು ಹುಟ್ಟುತ್ತದೆ. ನಿಮ್ಮಲ್ಲಿಂದ ಲಿಂಕನ್ ಮೇಲೆ ಹೋಗುವ ದಾರಿ ಹತ್ತಿರದ್ದು, ಆದರೆ ಗಾಡಿಗಳು ಕಮ್ಮಿ. ಡಾಂಕಾಸ್ಟರ್ ಅಥವಾ ಶೆಫೀಲ್ಡ್‌ಗೆ ಹೋದರೆ ಅಲ್ಲಿಂದ ಕ್ಲೀಥಾರ್ಪ್ಸ್‌ಗೆ ನೇರ ಗಾಡಿ ಇದೆ. ಏನೇ ಮಾಡಿ, ವಾಪಸ್ ಬರುವ ಕೊನೆಯ ಗಾಡಿ ಯಾವುದು, ಅದಕ್ಕಿಂತ ಮುಂಚಿನದು ಯಾವುದು ಅಂತ ಬರೆದಿಟ್ಟುಕೊಳ್ಳಿ. ಮುಂಚಿನದಕ್ಕೇ ಹತ್ತಿ.

ಎಪ್ಪತ್ತು ವರ್ಷದವರು ಜೊತೆಗಿರುವಾಗ ನಾನಾದರೆ ಕಾರಿನಲ್ಲೇ ಹೋಗುತ್ತಿದ್ದೆ. ಎ46 ರಸ್ತೆ ಹಿಡಿದು ಲಿಂಕನ್, ಮಾರ್ಕೆಟ್ ರೇಸನ್ ಮೇಲೆ ಸುಮಾರು ಎರಡು ಗಂಟೆ. ಮೈದಾನದ ಸುತ್ತ ಬರೀ ಸಾಲುಮನೆಗಳು, ಅಲ್ಲಿ ನಿಲ್ಲಿಸೋಕೆ ಹೋಗಬೇಡಿ. ಸಮುದ್ರದ ಕಡೆ ಪಾರ್ಕಿಂಗ್‌ನಲ್ಲಿ ಬಿಟ್ಟು ನಡೆಯಿರಿ. ಕಿಟಕಿಯಿಂದ ಕಾಣುವ ಗೋಪುರ ತಪ್ಪುತ್ತದೆ, ನಿಜ.

ಶೆಫೀಲ್ಡ್‌ನಿಂದ

ನಿಮ್ಮ ಕೊನೆಯ ಪ್ರಶ್ನೆಗೆ ಇಬ್ಬರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ. ನಾನು ಹಾಸನದವಳು. ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಆರು ವರ್ಷದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಮೈದಾನಗಳಿಗೆ ಹೋಗಿದ್ದೇನೆ. ಎಷ್ಟೋ ಕಡೆ ಆ ಸ್ಟ್ಯಾಂಡ್‌ನಲ್ಲಿ ಭಾರತದವರು ಅಂತ ಇದ್ದದ್ದು ನಾವು ಮೂವರೇ.

ಒಂದೇ ಒಂದು ಸಲ ಕೆಟ್ಟ ಮಾತು ಕೇಳಿದ್ದೇನೆ. ಆಟ ಮುಗಿದು ಸ್ಟೇಷನ್ನಿಗೆ ಹೋಗುವಾಗ, ಕುಡಿದಿದ್ದ ಒಬ್ಬ. ಮೈದಾನದೊಳಗೆ ಅಲ್ಲ. ದೊಡ್ಡ ಮಗ ನನ್ನ ಕೈ ಗಟ್ಟಿಯಾಗಿ ಹಿಡಿದದ್ದು ಇವತ್ತಿಗೂ ನೆನಪಿದೆ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಹಿಂದೆ ಬರುತ್ತಿದ್ದ, ನಮ್ಮ ತಂಡದ್ದೂ ಅಲ್ಲದ ಒಬ್ಬ ಹೆಂಗಸು ಅವನಿಗೆ ಗದರಿ, ಸ್ಟೇಷನ್‌ವರೆಗೂ ನಮ್ಮ ಜೊತೆ ನಡೆದರು. ಆಗಲ್ಲ ಅಂತ ನಾನು ಹೇಳುವುದಿಲ್ಲ, ಆಗಬಹುದು. ಆದರೆ ಇಪ್ಪತ್ತು ಕಡೆ ಸಿಕ್ಕ ಒಳ್ಳೆಯತನವನ್ನು ಆ ಒಂದು ಮಾತಿಗೋಸ್ಕರ ಬಿಟ್ಟುಕೊಡೋಕೆ ನನಗೆ ಮನಸ್ಸಿಲ್ಲ. ಒಳಗೆ ಏನಾದರೂ ಆದರೆ ಸುಮ್ನೆ ಸಹಿಸಿಕೊಳ್ಳಬೇಡಿ. ಸೀಟಿನ ಸಾಲು, ನಂಬರ್ ನೋಡಿಕೊಂಡು ತಕ್ಷಣ ಸ್ಟೀವರ್ಡ್‌ಗೆ ಹೇಳಿ. ಆಮೇಲೆ ಫುಟ್‌ಬಾಲಿನಲ್ಲಿ ಜನಾಂಗಭೇದದ ವಿರುದ್ಧ ಕೆಲಸ ಮಾಡುವ ಕಿಕ್ ಇಟ್ ಔಟ್ ಸಂಸ್ಥೆಗೂ ದೂರು ಕೊಡಬಹುದು, ಫೋನಿನಲ್ಲೇ ಆಗುತ್ತದೆ.

ಚಿಕ್ಕ ತಂಡಗಳಲ್ಲಿ ನನಗೆ ಇಷ್ಟವಾದದ್ದು ಇದು: ಮೂರನೇ ಸಲ ಹೋಗುವಷ್ಟರಲ್ಲಿ ನಿಮ್ಮ ಮುಖ ಎಲ್ಲರಿಗೂ ಪರಿಚಯ. ದೂರದೂರಿಗೆ ಬರುವವರು ಕೆಲವೇ ನೂರು ಜನ, ಅವರೇ ಮತ್ತೆ ಮತ್ತೆ ಬರುತ್ತಾರೆ. ನನ್ನ ಚಿಕ್ಕವನಿಗೆ ಜ್ವರ ಬಂದು ಒಂದು ಸಲ ತಪ್ಪಿಸಿದ್ದೆವು. ಮುಂದಿನ ಸಲ ನಾಲ್ಕು ಜನ ಬಂದು "ಹುಡುಗ ಹೇಗಿದ್ದಾನೆ" ಅಂತ ವಿಚಾರಿಸಿದರು. ಈ ದೇಶದಲ್ಲಿ ನಮ್ಮ ಬೀದಿಯಲ್ಲೂ ನನಗೆ ಆ ಮಾತು ಸಿಕ್ಕಿರಲಿಲ್ಲ. ನಿಮ್ಮ ಅಪ್ಪನನ್ನು ಖಂಡಿತ ಯಾರಾದರೂ ಮಾತಾಡಿಸುತ್ತಾರೆ, ನೋಡಿ.

ಊಟದ ವಿಷಯ. ಇದನ್ನು ಗಮನವಿಟ್ಟು ಓದಿ. ಕ್ಲೀಥಾರ್ಪ್ಸ್ ಅಂದರೆ ಫಿಶ್ ಅಂಡ್ ಚಿಪ್ಸ್. ನಮಗೆ ಮೀನು ಬೇಡ, ಬರೀ ಚಿಪ್ಸ್ ತಿನ್ನೋಣ ಅಂತ ಹೋಗುತ್ತೀರಿ. ಆದರೆ ಯಾರ್ಕ್‌ಶೈರ್, ಲಿಂಕನ್‌ಶೈರ್ ಕಡೆ ಬಹಳ ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದರೆ ದನದ ಕೊಬ್ಬಿನಲ್ಲಿ. ಬಂದ ಹೊಸದರಲ್ಲಿ ಗೊತ್ತಿಲ್ಲದೆ ಅತ್ತೆಗೆ ಕೊಡಿಸಿಬಿಟ್ಟಿದ್ದೆ. ಗೋಡೆ ಮೇಲಿನ ಬೋರ್ಡ್ ಓದಿದ್ದು ಅರ್ಧ ತಿಂದ ಮೇಲೆ. ಅವರು ಒಂದು ಮಾತೂ ಆಡಲಿಲ್ಲ, ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಆರ್ಡರ್ ಮಾಡುವ ಮೊದಲೇ ಯಾವುದರಲ್ಲಿ ಕರಿಯುತ್ತೀರಿ ಅಂತ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ, ದಿನಾ ಕೇಳಿಸಿಕೊಳ್ಳುವ ಪ್ರಶ್ನೆ ಅದು. ಮೈದಾನದಲ್ಲಿ ಚಳಿಗೆ ಅಂತ ಬೋವ್ರಿಲ್ ಕೊಡುತ್ತಾರೆ. ನೋಡೋಕೆ ಕಷಾಯದ ಹಾಗಿದೆ, ಅದೂ ದನದ ಮಾಂಸದ ಸಾರ. ಟೀ ತೆಗೆದುಕೊಳ್ಳಿ. ಚೀಸ್ ಈರುಳ್ಳಿ ಪೈ ಇದ್ದರೆ, ಮೇಲೆ ಮೊಟ್ಟೆ ಬಳಿದಿರಬಹುದು, ಕೇಳಿ.

ನಾನು ಮನೆಯಿಂದಲೇ ಚಪಾತಿ ಒಳಗೆ ಪಲ್ಯ ಇಟ್ಟು ಸುತ್ತಿ ಒಯ್ಯುತ್ತೇನೆ, ಜೊತೆಗೆ ಕೋಡುಬಳೆ. ಚಿಕ್ಕ ಚೀಲದಲ್ಲಿ ತನ್ನಿ, ಗೇಟಿನಲ್ಲಿ ಚೀಲ ನೋಡುತ್ತಾರೆ. ಗಾಜಿನ ಬಾಟಲಿ, ಸ್ಟೀಲ್ ಫ್ಲಾಸ್ಕ್ ಬಹಳ ಕಡೆ ಒಳಗೆ ಬಿಡುವುದಿಲ್ಲ. ಒಂದು ಮಾತು: 'ಅವೇ ಎಂಡ್'ನಲ್ಲಿ, ಅಂದರೆ ಹೊರ ಊರಿನ ಅಭಿಮಾನಿಗಳ ಕಡೆ, ಸೀಟಿದ್ದರೂ ಜನ ಎದ್ದು ನಿಂತೇ ನೋಡುತ್ತಾರೆ. ಅಪ್ಪನಿಗೆ ಎರಡು ಗಂಟೆ ನಿಲ್ಲೋಕೆ ಆಗಲ್ಲ. ಟಿಕೆಟ್ ತೆಗೆಯುವಾಗಲೇ ಮುಂದಿನ ಸಾಲುಗಳು ಕೇಳಿ. ಬೈಗುಳದ ಹಾಡುಗಳೂ ಕೇಳಿಸುತ್ತವೆ, ಮಗಳಿಗೆ ಮೊದಲೇ ಹೇಳಿಡಿ. ನಾನು ಹುಡುಗರಿಗೆ ಹೇಳಿದ್ದು, "ಮೈದಾನದ ಮಾತು ಮೈದಾನದಲ್ಲೇ ಬಿಟ್ಟು ಬರಬೇಕು" ಅಂತ. ಇಲ್ಲಿಯವರೆಗೆ ಪಾಲಿಸಿದ್ದಾರೆ.

ಮೈಸೂರಿನಿಂದ

ನಾನು ಈಗ ವಾಪಸ್ ಬಂದಿದ್ದೇನೆ. ಅಲ್ಲಿದ್ದಾಗ ಅಪ್ಪನನ್ನು ಆಕ್ರಿಂಗ್ಟನ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಹೊರ ಊರಿನ ಅಭಿಮಾನಿಗಳು ನಿಲ್ಲುವ ಕಟ್ಟೆಗೆ ಚಾವಣಿಯೇ ಇಲ್ಲ. ಅರ್ಧ ಆಟ ಮಳೆಯಲ್ಲಿ ನಿಂತೆವು. ಅಪ್ಪ ವಾಪಸ್ ಹೋಗೋಣ ಅನ್ನಲಿಲ್ಲ, ಆದರೆ ಮೂರು ದಿನ ಮೊಣಕಾಲು ನೋವು ಅಂದರು. ಹೋಗುವ ಮೊದಲು ನಾನು ವಿಚಾರಿಸಬೇಕಿತ್ತು, ವಿಚಾರಿಸಲಿಲ್ಲ. ಗ್ರಿಮ್ಸ್‌ಬಿಯಲ್ಲಿ ಚಾವಣಿ, ಸೀಟು ಎರಡೂ ಇದೆ ಅಂದರೆ ಧೈರ್ಯವಾಗಿ ಕರೆದುಕೊಂಡು ಹೋಗಿ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಆ ದಿನದ ಟಿಕೆಟ್ ಅವರ ಪಾಸ್‌ಬುಕ್ ಒಳಗೆ ಸಿಕ್ಕಿತು.

ನಾಟಿಂಗ್‌ಹ್ಯಾಮ್‌ನಿಂದ, ಮತ್ತೆ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಶ್ಯಾಂಕ್ಲಿ ಹೆಸರು ಕೇಳಿ ಎದ್ದು ಕೂತರು. ರೈಲೇ ಬೇಕಂತೆ, ಗೋಪುರ ನೋಡಬೇಕಂತೆ. ಮುಂದಿನ ಸಾಲುಗಳ ಹತ್ತಿರ ಮೂರು ಸೀಟು ಸಿಕ್ಕಿದೆ. ರೈಲಿನ ಟಿಕೆಟ್ ಅವತ್ತು ಬೆಳಿಗ್ಗೆ ಮೈದಾನದ ಸುದ್ದಿ ನೋಡಿಯೇ ತೆಗೆಯುತ್ತೇನೆ. ಒಂದು ಕೊನೆ ಪ್ರಶ್ನೆ, ಕ್ಲೀಥಾರ್ಪ್ಸ್‌ನವರಿಗೆ. ಹನ್ನೊಂದೂವರೆಗೇ ಬಂದು ಇಳಿದರೆ ಮೂರು ಗಂಟೆವರೆಗೆ ಅಪ್ಪನನ್ನು, ಮಗಳನ್ನು ಎಲ್ಲಿ ಕೂರಿಸಲಿ? ಮಗಳು ಸಮುದ್ರಕ್ಕೆ ಇಳಿಯುತ್ತೇನೆ ಅಂತ ಈಗಲೇ ಹಟ ಹಿಡಿದಿದ್ದಾಳೆ.

ಕ್ಲೀಥಾರ್ಪ್ಸ್‌ನಿಂದ

ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಸಮುದ್ರದ ದಂಡೆ, ಪಿಯರ್ (ನೀರಿನ ಮೇಲೆ ಚಾಚಿದ ಕಟ್ಟೆ). ಆದರೆ ಮಗಳ ಕೈ ಬಿಡಬೇಡಿ. ಇಲ್ಲಿ ಇಳಿತ ಆದಾಗ ನೀರು ತುಂಬಾ ದೂರ ಹೋಗುತ್ತದೆ. ದೂರದಲ್ಲಿ ಮೊದಲ ಮಹಾಯುದ್ಧದ ಕಾಲದ ಕೋಟೆ ನೀರಿನ ನಡುವೆ ಕಾಣುತ್ತದೆ, ಹೇಲ್ ಸ್ಯಾಂಡ್ ಫೋರ್ಟ್ ಅಂತ. ನಡೆದೇ ಹೋಗಬಹುದು ಅನ್ನಿಸುತ್ತದೆ. ಹೋಗಲೇಬಾರದು. ನೀರು ವಾಪಸ್ ಬರುವಾಗ ಹಿಂದಿನಿಂದ ಸುತ್ತಿಕೊಂಡು ಬರುತ್ತದೆ. ದಂಡೆ ಮೇಲಿನ ದಾರಿಯಲ್ಲೇ ನಡೆಯಿರಿ. ಆಚೆ ಕಡೆ ಸ್ವಲ್ಪ ದೂರ ಹೋದರೆ ಗ್ರೀನಿಚ್ ರೇಖೆ ಹಾದುಹೋಗುವ ಜಾಗಕ್ಕೆ ಗುರುತು ಇದೆ. ಒಂದು ಕಾಲು ಪೂರ್ವಕ್ಕೆ, ಒಂದು ಕಾಲು ಪಶ್ಚಿಮಕ್ಕೆ ಇಟ್ಟು ಮಗಳ ಫೋಟೋ ತೆಗೆಯಿರಿ. ಆದರೆ ಅದು ಮೈದಾನದ ವಿರುದ್ಧ ದಿಕ್ಕು. ಅಪ್ಪನಿಗೆ ನಡೆಯುವುದು ಕಷ್ಟ ಅಂದರೆ ಬೇಡ. ಸ್ಟೇಷನ್ನಿನಿಂದ ಮೈದಾನಕ್ಕೇ ಒಂದು ಮೈಲಿ ಹತ್ತಿರ ನಡೆಯಬೇಕು, ಅದಕ್ಕೆ ಶಕ್ತಿ ಉಳಿಸಿಕೊಳ್ಳಲಿ.

ಅಥವಾ ಹೀಗೆ ಮಾಡೋಣ. ಸ್ಟೇಷನ್ನಿನಲ್ಲಿ ಹಳೇ ಗಡಿಯಾರದ ಗೋಪುರ ಇದೆ. ಹನ್ನೊಂದೂವರೆಗೆ ಅದರ ಕೆಳಗೆ ನಾನು ನಿಂತಿರುತ್ತೇನೆ. ನನ್ನ ಕತ್ತಿನಲ್ಲೂ ಕಪ್ಪು ಬಿಳಿ ಮಫ್ಲರೇ, ಗುರುತು ಸಿಗದಿದ್ದರೆ ಕನ್ನಡದಲ್ಲಿ ಕೂಗಿ. ಮನೆ ಹತ್ತಿರದಲ್ಲೇ ಇದೆ. ಬಿಸಿ ಬಿಸಿ ಅವರೆಕಾಳು ಉಪ್ಪಿಟ್ಟು, ಕಾಫಿ ಮಾಡಿಟ್ಟಿರುತ್ತೇವೆ. ಅವರೆಕಾಳು ಫ್ರಿಜ್ಜಿನದ್ದು, ಅಪ್ಪ ಅಷ್ಟು ಹೊಂದಿಸಿಕೊಳ್ಳಬೇಕು. ಎರಡೂವರೆಗೆ ಕಾರಿನಲ್ಲಿ ನಿಮ್ಮ ಗೇಟಿನ ಹತ್ತಿರ ಬಿಡುತ್ತೇನೆ. ಆಮೇಲೆ ನಾನು ನನ್ನ ಗೇಟಿಗೆ ಹೋಗುತ್ತೇನೆ.